ದೇವ್ರಾಣೆ, ನೋ ಕ್ಯಾಪ್: ಆಡಿದ ಮಾತಿಗೆ ಒತ್ತೆ ಬೇಕೆ?

ದೇವ್ರಾಣೆ, ಅಮ್ಮನಾಣೆ, ಸತ್ಯವಾಗ್ಲೂ, ಖರೇನ, ಪ್ರಾಮಿಸ್, ಸೀರಿಯಸ್ಲಿ, ಈಚೆಗೆ ನೋ ಕ್ಯಾಪ್. ಹೇಳಿದ್ದು ನಿಜ ಎಂದು ಒತ್ತಿ ಹೇಳಲು ಎಳೆಯರು ಮಾತಿನ ಹಿಂದೆಮುಂದೆ ಅಂಟಿಸುವ ಬಾಲಗಳು ಇವು. ಇವುಗಳಿಂದ ಮಾತಿಗೆ ಬಲ ಬರುತ್ತದೆಯೋ, ಇದ್ದ ಬಲವೂ ಹೋಗುತ್ತದೆಯೋ? ಪರವಾಗಿ ಬರೆದವಳು ಹಾಸನದಿಂದ ಬಂದು ಬೆಂಗಳೂರಿನ ಪಿಜಿಯಲ್ಲಿರುವ ಇಪ್ಪತ್ತಾರರ ಹುಡುಗಿ. ವಿರೋಧವಾಗಿ ಬರೆದವರು ಸಬ್‌ರಿಜಿಸ್ಟ್ರಾರ್ ಆಫೀಸಿನ ಮುಂದೆ ಕೂತು ಪತ್ರ ಬರೆಯುತ್ತಲೇ ತಲೆ ಬೆಳ್ಳಗಾದವರು.

ಪರ: ಮೂರನೇ ಸಲ ಖರೇ ಅಂದಾಗ

ನನ್ನ ರೂಮ್‌ಮೇಟ್ ವಿಜಯಪುರದವಳು. ಅವಳು ಆಡುವ ಹತ್ತು ಮಾತಿನಲ್ಲಿ ಎಂಟು ತಮಾಷೆ. ಪಿಜಿ ಆಂಟಿ ಇವತ್ತು ಸಾಂಬಾರಿಗೆ ಬೇಳೆ ಹಾಕಿದ್ದಾರೆ ಅನ್ನುವುದರಿಂದ ಹಿಡಿದು ತನಗೆ ಗಂಡು ಗೊತ್ತಾಗಿದೆ ಅನ್ನುವವರೆಗೆ ಎಲ್ಲವನ್ನೂ ಒಂದೇ ಮುಖ ಇಟ್ಟುಕೊಂಡು ಹೇಳುತ್ತಾಳೆ. ಹೋದ ವರ್ಷ ಒಂದು ಸಂಜೆ ಬಂದವಳೇ ಬ್ಯಾಗನ್ನು ಮಂಚದ ಮೇಲೆ ಎಸೆದು, "ನನ್ನ ಕೆಲಸ ಹೋತ್ಲೇ" ಅಂದಳು. ನಾವು ಮೂವರೂ ನಕ್ಕೆವು. "ಖರೇ ಹೇಳಾಕತ್ತೀನಿ" ಅಂದಳು. ಇನ್ನೂ ಜೋರಾಗಿ ನಕ್ಕೆವು. ಮತ್ತೊಮ್ಮೆ ಖರೇ ಅಂದಾಗ ಒಬ್ಬಳು, ಹಾಗಾದ್ರೆ ಪಾರ್ಟಿ ಯಾವಾಗ, ಅಂತ ಕೇಳಿದಳು. ಮೂರನೇ ಸಲ ಅವಳು ಬರೀ "ಖರೇ" ಅಂದಳು, ಅಷ್ಟೇ. ಫ್ಯಾನು ತಿರುಗುವ ಸದ್ದು ಅಲ್ಲಿಯವರೆಗೆ ಕೇಳಿಸಿಯೇ ಇರಲಿಲ್ಲ, ಆಗ ಕೇಳಿಸಿತು.

ಆ ಒಂದು ಪದ ಇಲ್ಲದೆ ಹೋಗಿದ್ದರೆ ಅವಳು ಏನು ಮಾಡಬೇಕಿತ್ತು? ಅತ್ತು ತೋರಿಸಬೇಕಿತ್ತು. ಅಥವಾ ಮೊಬೈಲ್ ತೆಗೆದು ಕಂಪನಿಯ ಮೇಲ್ ಓದಿಸಬೇಕಿತ್ತು. ಗೆಳತಿಯರ ಎದುರು ಯಾರಿಗೂ ಆ ಗತಿ ಬರಬಾರದು.

ಹಿರಿಯರು ಈ ಪದಗಳನ್ನು ಸತ್ಯದ ಸರ್ಟಿಫಿಕೇಟು ಅಂದುಕೊಂಡು ಬೈಯುತ್ತಾರೆ. ಇವು ಸರ್ಟಿಫಿಕೇಟಲ್ಲ, ಇಂಡಿಕೇಟರ್. ಬೈಕಿನವನು ಬಲಕ್ಕೆ ತಿರುಗುವ ಮುಂಚೆ ಇಂಡಿಕೇಟರ್ ಹಾಕಿದ ಅಂದರೆ ಅವನು ಒಳ್ಳೆಯ ಸವಾರ ಅಂತೇನೂ ಅಲ್ಲ, ತಿರುಗುತ್ತಿದ್ದಾನೆ ಅಂತ ಹಿಂದಿನವರಿಗೆ ಗೊತ್ತಾಗಲಿ ಅಂತ. ನಮ್ಮ ವಯಸ್ಸಿನವರ ಮಾತು ಬಹುಪಾಲು ರೇಗಿಸುವುದರಲ್ಲಿ, ಕಾಲೆಳೆಯುವುದರಲ್ಲಿ, ಡೌ ಮಾಡುವುದರಲ್ಲಿ ಕಳೆಯುತ್ತದೆ. ಪ್ರೀತಿ ಇರುವ ಕಡೆಯೇ ಇದು ಹೆಚ್ಚು. ಅದರ ನಡುವೆ ಒಂದು ಗಂಭೀರ ಮಾತು ಬಂದರೆ, ಇಲ್ಲಿಂದ ತಮಾಷೆ ಮುಗೀತು ಅಂತ ತಿಳಿಸಲು ಏನಾದರೂ ಬೇಕು. ಎದುರಿಗಿದ್ದರೆ ಕಣ್ಣು ನೋಡಿ ತಿಳಿದುಕೊಳ್ಳಬಹುದು. ರಾತ್ರಿ ಒಂದು ಗಂಟೆಗೆ ವಾಟ್ಸಾಪಿನಲ್ಲಿ "ಮಗಾ ಯಾಕೋ ಸರಿ ಇಲ್ಲ" ಅಂತ ಬಂದರೆ ಕಣ್ಣೂ ಇಲ್ಲ, ದನಿಯೂ ಇಲ್ಲ. ಕೊನೆಗೊಂದು "ಸೀರಿಯಸ್ಲಿ" ಇದ್ದರೆ ಫೋನ್ ಮಾಡುತ್ತೇವೆ. ಇಲ್ಲದಿದ್ದರೆ ನಗುವ ಮುಖವೊಂದನ್ನು ಕಳಿಸಿ ಮಲಗುತ್ತೇವೆ.

ಅಷ್ಟಕ್ಕೂ ಸುಳ್ಳಿಗೆ ಕನ್ನಡದಲ್ಲಿ ಎಷ್ಟು ದಾರಿ ಇದೆ ನೋಡಿ. ಬುರುಡೆ ಬಿಡುತ್ತೇವೆ, ಓಳು ಬಿಡುತ್ತೇವೆ, ಬಂಡಲ್ ಬಿಡುತ್ತೇವೆ, ರೀಲು ಬಿಡುತ್ತೇವೆ. ಕಾಗೆ ಹಾರಿಸುತ್ತೇವೆ. ಕಿವಿಗೆ ಹೂ ಇಡುತ್ತೇವೆ. ನಾಮ ಹಾಕುತ್ತೇವೆ, ಟೋಪಿ ಹಾಕುತ್ತೇವೆ. ಕಾಲೇಜು ಹುಡುಗರಾದರೆ ಪುಂಗುತ್ತಾರೆ. (ರೀಲು ಬಿಡುವುದು ಇನ್‌ಸ್ಟಾಗ್ರಾಮಿಗಿಂತ ಎಷ್ಟೋ ಹಳೆಯ ಮಾತು. ಈಗ ಅದು ಎರಡು ಅರ್ಥದಲ್ಲೂ ಸರಿಹೋಗುತ್ತಿರುವುದು ಕನ್ನಡದ ಅದೃಷ್ಟ.) ಇಷ್ಟು ಬಗೆಯಲ್ಲಿ ಸುಳ್ಳು ಹೇಳಬಲ್ಲ ಜನ ನಿಜ ಹೇಳುವಾಗ ಒಂದು ಗುರುತು ಇಟ್ಟುಕೊಂಡರೆ ತಪ್ಪೇನು?

ಟೋಪಿಯ ಮಾತು ಬಂತು. "ನೋ ಕ್ಯಾಪ್" ಅಂದರೆ ಸಾಕು, ಕನ್ನಡದ ಹುಡುಗರು ಕೆಟ್ಟುಹೋದರು ಅಂತ ಮೂಗು ಮುರಿಯುವವರಿದ್ದಾರೆ. ಅಮೆರಿಕದ ಕಪ್ಪು ಜನರ ಆಡುಮಾತಿನಲ್ಲಿ ಕ್ಯಾಪ್ ಅಂದರೆ ಬಡಾಯಿ, ಸುಳ್ಳು. 2010ರ ದಶಕದಲ್ಲಿ ಅಟ್ಲಾಂಟಾದ ಹಿಪ್‌ಹಾಪ್ ಹುಡುಗರ ಬಾಯಿಂದ ಅದು ಊರೂರು ತಿರುಗಿತು. ಯಾರಾದರೂ ಬಡಾಯಿ ಕೊಚ್ಚಿದರೆ ಮರುಮಾತಿಲ್ಲದೆ ನೀಲಿ ಟೋಪಿಯ ಎಮೋಜಿ ಕಳಿಸುವಷ್ಟರ ಮಟ್ಟಿಗೆ ಬಂದಿದೆ. ಟೋಪಿಗೂ ಸುಳ್ಳಿಗೂ ಏನು ನಂಟು ಅಂತ ಬೇರೆಯವರಿಗೆ ಬಿಡಿಸಿ ಹೇಳಬೇಕಾಗಬಹುದು, ಟೋಪಿ ಹಾಕಿಸಿಕೊಂಡು ಅಭ್ಯಾಸವಿರುವ ಕನ್ನಡಿಗರಿಗೆ ಬೇಕೇ? ಹಾಸನದಲ್ಲಿ ನನ್ನ ತಮ್ಮ ಗೆಳೆಯರಿಗೆ "ನೋ ಟೋಪಿ ಗುರು" ಅಂತಲೇ ಬರೆಯುತ್ತಾನೆ. ಅವನಿಗೆ ಯಾರೂ ವ್ಯುತ್ಪತ್ತಿ ಹೇಳಿಕೊಟ್ಟಿಲ್ಲ. ಅದೇ ಅಮೆರಿಕದ ಹುಡುಗರು "ಆನ್ ಗಾಡ್" ಅನ್ನುತ್ತಾರೆ, "ಆನ್ ಮೈ ಮಾಮಾ" ಅನ್ನುತ್ತಾರೆ. ಮಂಡ್ಯದವರು ಹುಟ್ಟಿದಾಗಿನಿಂದ ದೇವ್ರಾಣೆ, ನಮ್ಮವ್ವನಾಣೆ ಅನ್ನುತ್ತಿದ್ದಾರೆ. ಇದರಲ್ಲಿ ಯಾರು ಯಾರಿಂದ ಕಲಿತರು ಅನ್ನುವುದಕ್ಕಿಂತ, ತನ್ನ ಮಾತು ನಂಬಲಿ ಅನ್ನುವ ಹುಡುಗನ ಸಂಕಟ ಎಲ್ಲ ಕಡೆ ಒಂದೇ ಅನ್ನುವುದು ನನಗೆ ಹೆಚ್ಚು ಹಿಡಿಸುತ್ತದೆ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ನಾನು ಐದನೇ ಕ್ಲಾಸಿನಲ್ಲಿದ್ದಾಗ ಗೌರಿ ಹಬ್ಬಕ್ಕೆ ಅಂತ ಮಾಡಿಟ್ಟ ಕೊಬ್ಬರಿ ಮಿಠಾಯಿ ನಾಲ್ಕು ಕಡಿಮೆಯಾಗಿತ್ತು. ನನ್ನನ್ನು ಕೇಳಿದರು. "ಅಮ್ಮನಾಣೆ ನಾನಲ್ಲ" ಅಂದೆ. ಅಜ್ಜಿ ಬಂದು ಬಾಯಿ ಮೇಲೆ ಹೊಡೆದಳು. ಮಿಠಾಯಿ ಕದ್ದದ್ದಕ್ಕಲ್ಲ. "ಇರೋ ಒಬ್ಬ ತಾಯಿನ ಒತ್ತೆ ಇಡ್ತೀಯೇನೇ, ಆಣೆ ತಟ್ಟುತ್ತೆ ಕಣೇ" ಅಂದಳು. ಆ ರಾತ್ರಿ ಅಮ್ಮ ಕೆಮ್ಮಿದಾಗಲೆಲ್ಲ ನನಗೆ ಎಚ್ಚರ. ನಾಲ್ಕು ಮಿಠಾಯಿಗೆ ಅಮ್ಮನನ್ನು ಕೊಂದೆನೇನೋ ಅಂತ ಹೊದಿಕೆಯೊಳಗೆ ಅತ್ತಿದ್ದೇನೆ.

ನಮ್ಮ ಹಳೆಯ ಆಣೆಗಳಲ್ಲಿ ಒತ್ತೆ ಬೀಳುವವರು ಯಾರು ಅಂತ ಯೋಚಿಸಿ ನೋಡಿ. ದೇವರು, ತಾಯಿ, ಮಕ್ಕಳು, ಕಟ್ಟಿಕೊಂಡವಳು. ಅಪರೂಪಕ್ಕೆ "ನನ್ ಕಣ್ಣಾಣೆ" ಅಂತ ಸ್ವಂತದ್ದನ್ನು ಇಡುವವರಿದ್ದರು, ಅನ್ನ ಮುಟ್ಟಿ ಹೇಳುವವರಿದ್ದರು. ಆದರೆ ಹೆಚ್ಚಾಗಿ ಆಡುವವನು ಒಬ್ಬ, ತಟ್ಟಿಸಿಕೊಳ್ಳುವವರು ಇನ್ನೊಬ್ಬರು. ಅಪ್ಪನಾಣೆ ಅಂದವರನ್ನು ನಾನು ಕೇಳಿದ್ದು ಕಡಿಮೆ, ಅದು ಯಾಕೋ. ಗಂಟಲ ಚರ್ಮ ಹಿಡಿದು ಗಾಡ್ ಪ್ರಾಮಿಸ್ ಅನ್ನುವ ಹೊತ್ತಿಗೆ ಒತ್ತೆ ಸ್ವಲ್ಪ ಇಳಿಯಿತು. ಸೀರಿಯಸ್ಲಿ, ನೋ ಕ್ಯಾಪ್ ಅನ್ನುವ ಹೊತ್ತಿಗೆ ಯಾರನ್ನೂ ಒತ್ತೆ ಇಡುವುದೇ ನಿಂತಿತು. ಸುಳ್ಳಾದರೆ ಹೋಗುವುದು ಹೇಳಿದವಳ ಮುಖ ಮಾತ್ರ. ಇದನ್ನು ಸಂಸ್ಕೃತಿ ಹಾಳಾದದ್ದು ಅನ್ನುವವರು ಒಂದು ಸಲ ನನ್ನ ಜತೆ ಆ ಹೊದಿಕೆಯೊಳಗೆ ಮಲಗಿರಬೇಕಿತ್ತು.

ಇದು ನಮ್ಮದಲ್ಲ, ಪರದೇಶದ ಚಟ ಅನ್ನುವ ವಾದವೂ ನಿಲ್ಲುವುದಿಲ್ಲ. ಆಣೆ ಅನ್ನುವ ಪದವೇ ಆಜ್ಞೆ ಸವೆದು ಆದದ್ದು. ಮೊದಲು ಅರಸನ ಅಪ್ಪಣೆ, ಆಮೇಲೆ ದೇವರ ಮೇಲಿನ ಪ್ರಮಾಣ, ಆಮೇಲೆ ಕ್ರಿಕೆಟ್ಟಿನಲ್ಲಿ ನಾನು ಔಟಾಗಿಲ್ಲ ಅನ್ನುವ ಹುಡುಗನ ರಗಳೆ. ಲಂಚವಂಚನೆಗೆ ಕೈಯೊಡ್ಡುವುದಿಲ್ಲ, ದಾರಿಯಲ್ಲಿ ಹೊನ್ನು ವಸ್ತ್ರ ಬಿದ್ದಿದ್ದರೂ ಕೈಮುಟ್ಟಿ ಎತ್ತಿದೆನಾದರೆ "ನಿಮ್ಮಾಣೆ, ನಿಮ್ಮ ಪ್ರಮಥರಾಣೆ" ಅಂತ ಶಿವನ ಮೇಲೂ ಅವನ ಗಣಗಳ ಮೇಲೂ ಆಣೆ ಇಡುತ್ತಾಳೆ 12ನೇ ಶತಮಾನದ ಶರಣೆ ಸತ್ಯಕ್ಕ. ಹೆಸರಿನಲ್ಲೇ ಸತ್ಯ ಇಟ್ಟುಕೊಂಡವಳು, ಆದರೂ ಒಂದಕ್ಕೆ ಎರಡು ಆಣೆ. ಅದರಿಂದ ಅವಳ ಮಾತು ಹಗುರಾಯಿತು ಅಂತ ಇದುವರೆಗೆ ಯಾರೂ ಅಂದಿಲ್ಲ.

ಪದಗಳು ಸವೆಯುತ್ತವೆ, ಒಪ್ಪಿದೆ. ಇಂಗ್ಲಿಷಿನ ವೆರಿ ಅನ್ನುವುದು ಹಳೆಯ ಫ್ರೆಂಚಿನಿಂದ ಬಂದಾಗ ಅದರ ಅರ್ಥ ನಿಜ ಅಂತಿತ್ತು, ಈಗ ಬರೀ ತುಂಬಾ. ನಮ್ಮ ಸಕತ್ ಪಾರಸಿಯಲ್ಲಿ ಗಟ್ಟಿ, ಕಠಿಣ ಅನ್ನುವ ಪದ. ಈಗ ದೋಸೆಯೂ ಸಕತ್ತು. ಭಯಂಕರ ರುಚಿಯಾಗಿದೆ ಅಂದರೆ ಯಾರೂ ಹೆದರಿ ತಟ್ಟೆ ಬಿಟ್ಟು ಓಡುವುದಿಲ್ಲ. ಒಂದು ಸವೆದರೆ ಇನ್ನೊಂದು ಬರುತ್ತದೆ. ಹಳೆಯ ಚಪ್ಪಲಿ ಸವೆಯಿತು ಅಂತ ಯಾರೂ ನಡೆಯುವುದನ್ನು ಬಿಟ್ಟಿಲ್ಲ.

ಒಂದನ್ನು ಮಾತ್ರ ನಾನೂ ತಡೆದುಕೊಳ್ಳಲಾರೆ. ನಮ್ಮ ಆಫೀಸಿನಲ್ಲೊಬ್ಬಳು ದಿನಕ್ಕೆ ನಲವತ್ತು ಸಲ ಲಿಟರಲಿ ಅನ್ನುತ್ತಾಳೆ. "ಲಿಟರಲಿ ಸತ್ತೇ ಹೋದೆ ಕಣೇ" ಅಂದು ಎರಡನೇ ಕಾಫಿಗೆ ಏಳುತ್ತಾಳೆ. ಆಕ್ಸ್‌ಫರ್ಡ್ ನಿಘಂಟಿನವರೇ ಸೋತು ಆ ಬಳಕೆಯನ್ನು ಒಳಗೆ ಬಿಟ್ಟುಕೊಂಡಿದ್ದಾರೆ, ನಾನ್ಯಾರು.

ನನ್ನ ರೂಮ್‌ಮೇಟಿಗೆ ನಾಲ್ಕು ತಿಂಗಳಾದ ಮೇಲೆ ಹುಬ್ಬಳ್ಳಿಯಲ್ಲಿ ಕೆಲಸ ಸಿಕ್ಕಿತು. ಇಂಟರ್‌ವ್ಯೂ ಮುಗಿಸಿ ಬಸ್‌ಸ್ಟ್ಯಾಂಡಿನಿಂದ ಫೋನ್ ಮಾಡಿದ್ದಳು, ಹಿಂದೆ ಕಂಡಕ್ಟರ್ ಕೂಗುತ್ತಿದ್ದ. "ಸಿಕ್ತು" ಅಂದಳು. "ಖರೇನ?" ಅಂದೆ. "ಖರೇ" ಅಂದಳು. ಈ ಸಲ ಒಂದೇ ಸಾಕಾಯಿತು.

ವಿರೋಧ: ದೇವ್ರಾಣೆ ಸಾಲ ಇಲ್ಲ ಸ್ವಾಮಿ

"ಬರೆದುಕೊಟ್ಟ ಶುದ್ಧ ಕ್ರಯಪತ್ರದ ಕ್ರಮವೇನೆಂದರೆ" ಎಂದು ಶುರುಮಾಡಿ 31 ವರ್ಷ ಅನ್ನ ತಿಂದವನು ನಾನು. ಪತ್ರದಲ್ಲಿ ನಿಷ್ಠೆಯ ಮಾತಿಗೇನೂ ಬರವಿಲ್ಲ. ನನ್ನ ಸ್ವಇಚ್ಛೆಯಿಂದ, ಸ್ವಸ್ಥ ಮನಸ್ಸಿನಿಂದ, ಯಾರ ಒತ್ತಾಯವೂ ಇಲ್ಲದೆ; ಸದರಿ ಸ್ವತ್ತಿನ ಮೇಲೆ ಯಾವುದೇ ಋಣಭಾರ ಇರುವುದಿಲ್ಲ; ಮುಂದೆ ಕಂಡುಬಂದಲ್ಲಿ ನಾನೇ ಸ್ವಂತ ಖರ್ಚಿನಿಂದ ಪರಿಹರಿಸಿಕೊಡುತ್ತೇನೆ. ಇಷ್ಟನ್ನೂ ಬರೆದು, ಓದಿ ಹೇಳಿ, ಹೆಬ್ಬೆಟ್ಟು ಒತ್ತಿಸಿದ ಮೇಲೆ ಕೊಳ್ಳುವವನು ಕೇಳುತ್ತಿದ್ದದ್ದು ಒಂದೇ ಮಾತು: "ಈಸಿ ತೆಗೆಸಿದ್ರಾ ಸ್ವಾಮಿ?" ಈಸಿ ಅಂದರೆ ಸ್ವತ್ತಿನ ಮೇಲೆ ಸಾಲ, ಅಡಮಾನ ಇದೆಯೇ ಅಂತ ತೋರಿಸುವ ಋಣಭಾರ ಪತ್ರ. ಶುದ್ಧ ಅನ್ನುವ ಪದವನ್ನು ನಂಬಿ ದುಡ್ಡು ಎಣಿಸಿದವನನ್ನು ನಾನು ಕಂಡಿಲ್ಲ.

ಒಬ್ಬ ಬಂದಿದ್ದ. ಎರಡೆಕರೆ ಖುಷ್ಕಿ ಮಾರಬೇಕು, ಮಗಳ ಮದುವೆ ಅಂದ. ಸಾಲಗೀಲ ಇದೆಯೇನಪ್ಪಾ ಅಂದೆ. "ದೇವ್ರಾಣೆ ಇಲ್ಲ ಸ್ವಾಮಿ." ಒಂದು ಗುಟುಕು ಟೀ ಕುಡಿದು, "ನಮ್ಮವ್ವನಾಣೆ" ಅಂದ. ಲೋಟ ಕೆಳಗಿಟ್ಟು, "ಈ ಜಾಗದಲ್ಲಿ ಕೂತು ಸುಳ್ಳು ಹೇಳಿದ್ರೆ ನನ್ ಕೈಗೆ ಹುಳ ಬೀಳ್ಲಿ" ಅಂದ. ನಾನು ಕೇಳಿದ್ದು ಒಂದೇ ಸಲ. ಈಸಿ ಬಂತು, ಅದರಲ್ಲಿ ಎರಡು ಅಡಮಾನ. ಮುಂದೆ ಹಿಡಿದೆ. ಅವನು ಒಂದು ಚೂರೂ ಕಸಿವಿಸಿಗೊಳ್ಳದೆ, "ಅದನ್ನೂ ಸಾಲ ಅಂತಾರಾ ಸ್ವಾಮಿ, ಬೆಳೆಗೆ ಅಂತ ತಗೊಂಡಿದ್ದು" ಅಂದ. ಅವತ್ತಿನಿಂದ ನನ್ನ ಕಿವಿಗೊಂದು ಚಾಳಿ ಅಂಟಿಕೊಂಡಿತು. ಯಾರಾದರೂ ಮಾತಾಡುವಾಗ ಆಣೆ ಎಣಿಸುತ್ತೇನೆ. ಒಂದು ಕೇಳಿದರೆ ದಾಖಲೆ ಒಂದು ಸಲ ನೋಡುತ್ತೇನೆ, ಮೂರು ಕೇಳಿದರೆ ಮೂರು ಸಲ.

ಪರವಾಗಿ ಬರೆದ ಮಗಳ ರೂಮಿನ ಕಥೆ ಓದಿ ನನ್ನ ಕರುಳೂ ಚುರುಕ್ಕೆಂದಿತು. ಆದರೆ ತಾಯಿ, ನಿನ್ನ ಕಥೆಯೇ ನನ್ನ ಸಾಕ್ಷಿ. ಮೊದಲ ಖರೇಗೆ ನಕ್ಕಿರಿ, ಎರಡನೆಯದಕ್ಕೆ ಪಾರ್ಟಿ ಕೇಳಿದಿರಿ, ಮೂರನೆಯದಕ್ಕೆ ಸುಮ್ಮನಾದಿರಿ. ಮೊದಲ ಎರಡು ಎಲ್ಲಿ ಹೋದವು? ಬೇಳೆ ಸಾಂಬಾರಿನ ತಮಾಷೆಗೂ ಗಂಡು ಗೊತ್ತಾದ ತಮಾಷೆಗೂ ಆ ಹುಡುಗಿ ಅವನ್ನು ಮೊದಲೇ ಖರ್ಚು ಮಾಡಿದ್ದಳು ಅಂತ ನನ್ನ ಊಹೆ. ಮೂರನೆಯ ಸಲ ನಿಮ್ಮನ್ನು ನಿಲ್ಲಿಸಿದ್ದು ಪದ ಅಲ್ಲವೇ ಅಲ್ಲ, ಅವಳ ದನಿ. ಇಂಡಿಕೇಟರ್ ಅಂದೆಯಲ್ಲ, ಚೆನ್ನಾಗಿದೆ. ಇಂಡಿಕೇಟರ್ ಹಾಕಿಕೊಂಡೇ ಊರೆಲ್ಲ ಸುತ್ತುವ ಬೈಕುಗಳ ಹಿಂದೆ ನಾನು ದಿನಾ ಹೋಗುತ್ತೇನೆ. ಬಲಕ್ಕೆ ಮಿಣಮಿಣ ಅನ್ನುತ್ತಿರುತ್ತದೆ, ಅವನು ಎರಡು ಮೈಲಿ ನೆಟ್ಟಗೆ ಹೋಗುತ್ತಾನೆ. ಹಿಂದಿನವನು ಕೊನೆಗೆ ದೀಪ ನೋಡುವುದನ್ನೇ ಬಿಡುತ್ತಾನೆ.

ನನ್ನ ಮುಖ್ಯ ತಕರಾರು ಇದು. ನೀನು ನಾಲ್ಕು ಮಾತಿಗೆ ನೋ ಕ್ಯಾಪ್ ಅಂಟಿಸಿದರೆ ಅಂಟಿಸದ ಐದನೆಯ ಮಾತಿನ ಗತಿ ಏನು? ಅದು ಟೋಪಿಯೇ? ಆಣೆ ಹಾಕಿದ ಮಾತಿಗೆ ಬಲ ಬಂತೋ ಇಲ್ಲವೋ ಗೊತ್ತಿಲ್ಲ, ಹಾಕದ ಮಾತಿನ ಮೇಲೆ ಮಾತ್ರ ಗುಮಾನಿ ಬೀಳುತ್ತದೆ. ಹಿಂದೆ ಕೈಸಾಲದ ವ್ಯವಹಾರ ಬಾಯಿಮಾತಿನಲ್ಲಿ ನಡೆಯುತ್ತಿತ್ತು. ಒಂದು ಬೀದಿಯಲ್ಲಿ ನಾಲ್ಕು ಜನ ಛಾಪಾ ಕಾಗದದ ಮೇಲೆ ಬರೆಸಿಕೊಳ್ಳಲು ಶುರುಮಾಡಿದರು ನೋಡಿ, ಐದನೆಯವನು ಬಾಯಿಮಾತಿಗೆ ಕೊಡುವುದನ್ನು ನಿಲ್ಲಿಸಿದ. ಕಾಗದ ಮಾರಿ ಬದುಕಿದ ನಾನೇ ಈ ಮಾತು ಹೇಳುತ್ತಿದ್ದೇನೆ. ಅಫಿಡವಿಟ್ಟಿನ ಛಾಪಾ ಶುಲ್ಕ ನಮ್ಮ ರಾಜ್ಯದಲ್ಲಿ 20 ರೂಪಾಯಿ ಇದ್ದದ್ದು 2024ರಲ್ಲಿ 100 ರೂಪಾಯಿ ಆಯಿತು. ಅಫಿಡವಿಟ್ಟುಗಳಲ್ಲಿ ಸತ್ಯ ಐದು ಪಟ್ಟು ಹೆಚ್ಚಿತೇ? ಮುಂದೆ ಕೂತು ಟೈಪ್ ಮಾಡುತ್ತಿದ್ದವನನ್ನು ಕೇಳಿ.

ತಾಯಿಯನ್ನು ಒತ್ತೆ ಇಡಬಾರದು ಅನ್ನುವುದಕ್ಕೆ ನನ್ನ ತಕರಾರಿಲ್ಲ. ಆ ಅಜ್ಜಿ ಹೊಡೆದದ್ದು ಸರಿಯಾಗಿದೆ. ಆದರೆ ಆಣೆಗೆ ಅಷ್ಟೋ ಇಷ್ಟೋ ಬೆಲೆ ಇದ್ದದ್ದು ಆ ಭಯದಿಂದಲೇ. ಗೋವೆಯ ಕದಂಬರ ಕಾಲದ, 12ನೇ ಶತಮಾನದ ಒಂದು ಶಾಸನ ಕಿತ್ತೂರಿನಲ್ಲಿದೆ. ಎರಡು ದೇವಸ್ಥಾನದವರಿಗೆ ಹೊಲದ ಜಗಳ. ಅದನ್ನು ತೀರಿಸಲು ಫಾಲದಿವ್ಯ ಮಾಡಿಸಿದರು. ಅಂದರೆ ನೇಗಿಲ ಕುಳವನ್ನು ಕೆಂಪಗೆ ಕಾಯಿಸಿ ಕೈಯಲ್ಲಿ ಹಿಡಿಯುವುದು. ಈಗಿನ ಕಾಲದಲ್ಲಿ ಹೊಲದ ಜಗಳಕ್ಕೆ ನನ್ನ ಹತ್ತಿರ ಬರುತ್ತಿದ್ದರು, ಕುಳ ಕಾಯಿಸಬೇಕಿರಲಿಲ್ಲ, ಪುಣ್ಯ. ಆ ಕಾಲ ಬರಲಿ ಅಂತ ಯಾವ ಹುಚ್ಚನೂ ಬಯಸುವುದಿಲ್ಲ. ಆದರೂ ಒಂದು ಮಾತು. ಅಂದು ನಿಜ ಅನ್ನಲು ಅಂಗೈ ಕೊಡಬೇಕಿತ್ತು, ಇಂದು ಹೆಬ್ಬೆರಳಿನಿಂದ ಎರಡು ಅಕ್ಷರ ಒತ್ತಿದರೆ ಆಯಿತು. ಏನನ್ನೂ ಅಡ ಇಡದೆ ನಂಬಿಕೆಯ ಸಾಲ ಕೇಳುವುದು ನನಗೆ ಮರ್ಯಾದೆಯಾಗಿ ಕಾಣುವುದಿಲ್ಲ.

ನಮ್ಮ ಕಡೆ ಈಗಲೂ ವ್ಯಾಜ್ಯ ಬಿಗಿಯಾದರೆ "ನಡಿ ಧರ್ಮಸ್ಥಳಕ್ಕೆ" ಅನ್ನುತ್ತಾರೆ. ಮಾತು ಬಿಡದ ಮಂಜುನಾಥ ಅಂತಲೇ ಹೆಸರು. ಎಷ್ಟೋ ಸಲ ಬಸ್ಸು ಹತ್ತುವ ಮೊದಲೇ ವ್ಯಾಜ್ಯ ಮುಗಿಯುತ್ತದೆ, ಯಾಕೆಂದರೆ ಇಬ್ಬರಲ್ಲಿ ಒಬ್ಬನಿಗೆ ಹೊಟ್ಟೆನೋವು ಬರುತ್ತದೆ. 2011ರಲ್ಲಿ ಆಗಿನ ಮುಖ್ಯಮಂತ್ರಿ ಯಡಿಯೂರಪ್ಪನವರಿಗೂ ಕುಮಾರಸ್ವಾಮಿಯವರಿಗೂ ನಡುವೆ ಅಲ್ಲೇ ಆಣೆ ಮಾಡುವ ಸವಾಲು ಎದ್ದು, ರಾಜ್ಯವೆಲ್ಲ ಟಿವಿ ಮುಂದೆ ಕೂತಿದ್ದು ನೆನಪಿದೆಯೇ? ಇಬ್ಬರೂ ಹೋದರು, ಕೈ ಮುಗಿದರು, ಆಣೆ ಮಾತ್ರ ಆಗಲಿಲ್ಲ. ಅವತ್ತು ನಮ್ಮ ಟೀ ಅಂಗಡಿಯಲ್ಲಿ ಎರಡು ಪಕ್ಷದವರೂ ನಕ್ಕರು. ನನಗೆ ಅದರಲ್ಲಿ ನಗುವಂಥದ್ದು ಕಾಣಲಿಲ್ಲ. ಆಣೆ ಮಾಡಲು ಹಿಂಜರಿಯುವಷ್ಟು ಭಯ ಇನ್ನೂ ಉಳಿದಿದೆ ಅಂತ ಸಮಾಧಾನವೇ ಆಯಿತು.

ಕಾನೂನಿನ ಮಾತು ಕೇಳಿ. ಸಿನಿಮಾದಲ್ಲಿ ಕಟಕಟೆಯವನ ಕೈಯನ್ನು ಭಗವದ್ಗೀತೆಯ ಮೇಲೆ ಇಡಿಸುತ್ತಾರೆ, ನಾನು ಕಂಡ ಯಾವ ಕೋರ್ಟಿನಲ್ಲೂ ಪುಸ್ತಕ ಇಲ್ಲ. 1969ರ ಪ್ರಮಾಣ ಕಾಯ್ದೆಯ ಪ್ರಕಾರ ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು, ಅಥವಾ ದೇವರನ್ನು ಬಿಟ್ಟು ಸತ್ಯನಿಷ್ಠೆಯಿಂದ ದೃಢೀಕರಿಸಬಹುದು. ಇಷ್ಟು ಎಲ್ಲರಿಗೂ ಗೊತ್ತು. ಅದೇ ಕಾಯ್ದೆಯಲ್ಲಿ ನನಗೆ ಬಹಳ ಇಷ್ಟವಾದ ಒಂದು ಜಾಗವಿದೆ. 12 ವರ್ಷದೊಳಗಿನ ಮಗು ಸಾಕ್ಷಿ ಹೇಳಲು ಬಂದರೆ, ನಿಜ ಹೇಳಬೇಕು ಅನ್ನುವುದು ಅದಕ್ಕೆ ತಿಳಿದಿದ್ದು ಪ್ರಮಾಣ ಅಂದರೇನು ಅಂತ ತಿಳಿಯದೆ ಇದ್ದರೆ, ಆ ಮಗುವಿಗೆ ಪ್ರಮಾಣ ಬೇಕಿಲ್ಲ. ಹಾಗೆಯೇ ಹೇಳಲಿ, ನ್ಯಾಯಾಧೀಶರು ಕೇಳುತ್ತಾರೆ. ಪ್ರಮಾಣ ಮಾಡಿಸುವುದು ಮರೆತುಹೋದರೂ ನಿಜ ಹೇಳುವ ಹೊಣೆ ತಪ್ಪುವುದಿಲ್ಲ ಅಂತಲೂ ಕಾಯ್ದೆ ಹೇಳುತ್ತದೆ. ಸುಳ್ಳು ಸಾಕ್ಷಿಗೆ 7 ವರ್ಷದವರೆಗೆ ಸೆರೆ ಇದೆ, ಆ ಶಿಕ್ಷೆಯ ಭಯ ನಮ್ಮಂಥ ದೊಡ್ಡವರಿಗೆ. ಮಗುವಿನ ಬರಿಮಾತನ್ನೂ ಕೋರ್ಟು ಕೇಳುತ್ತದೆ. ಮನೆಯಲ್ಲಿ ನಾವು ಅದೇ ಮಗುವಿಗೆ "ಪ್ರಾಮಿಸ್ ಮಾಡು" ಅಂತ ಗಂಟಲು ಹಿಡಿಸುತ್ತೇವೆ.

ಒತ್ತಿ ಹೇಳಲು ಕನ್ನಡಕ್ಕೆ ಪರರ ಟೋಪಿ ಬೇಕಾಗಿಯೇ ಇಲ್ಲ. ಕಣ್ಣಾರೆ ಕಂಡೆ, ಕಿವಿಯಾರೆ ಕೇಳಿದೆ. ಈ ಮಾತುಗಳ ಚೆಂದ ನೋಡಿ. ಇವು ನನ್ನನ್ನು ನಂಬು ಅನ್ನುವುದಿಲ್ಲ, ನನಗೆ ಹೇಗೆ ಗೊತ್ತಾಯಿತು ಅನ್ನುವುದನ್ನು ಹೇಳುತ್ತವೆ. ನಂಬುವುದು ಬಿಡುವುದು ಕೇಳುವವನಿಗೆ ಬಿಟ್ಟದ್ದು. ಇದರ ಇನ್ನೊಂದು ತುದಿಯಲ್ಲಿ ಅಂತೆ ಇದೆ. ಬಂದನಂತೆ, ಹೋದಳಂತೆ, ರೇಟು ಏರುತ್ತದಂತೆ. ನಾನು ನೋಡಿಲ್ಲ, ಯಾರೋ ಅಂದರು, ಅಷ್ಟನ್ನೇ ದಾಟಿಸುತ್ತಿದ್ದೇನೆ ಅನ್ನುವುದು ಕ್ರಿಯಾಪದದ ತುದಿಗೆ ಸೇರಿಕೊಂಡಿದೆ. ಹಳ್ಳಿಯ ಓದದ ಹೆಂಗಸೂ ಅದನ್ನು ತಪ್ಪುವುದಿಲ್ಲ. ಅಂತೆಕಂತೆ ಅಂತ ನಾವು ಅದನ್ನು ಹೀಗಳೆದೆವು. ನನ್ನ ಲೆಕ್ಕದಲ್ಲಿ ಕನ್ನಡದ ಅತ್ಯಂತ ಪ್ರಾಮಾಣಿಕ ಪದ ಅದು. ವಾಟ್ಸಾಪಿನಲ್ಲಿ ಬೆಳಗೆದ್ದು ಬರುವ ಸುದ್ದಿಗಳನ್ನು ತೆಗೆದು ನೋಡಿ. "ನಿಜವಾದ ಸುದ್ದಿ", "ನೂರಕ್ಕೆ ನೂರು ಸತ್ಯ, ಎಲ್ಲರಿಗೂ ಕಳಿಸಿ" ಅಂತ ಇರುತ್ತದೆ. ಅಂತೆ ಇರುವುದಿಲ್ಲ. ಸತ್ಯವಾಗ್ಲೂ ಅನ್ನುವುದನ್ನು ತೆಗೆದು ಆ ಜಾಗದಲ್ಲಿ ಒಂದು ಅಂತೆ ಹಾಕಿದರೆ ಅರ್ಧ ಊರಿನ ಜಗಳ ನಿಲ್ಲುತ್ತಿತ್ತು.

ಪ್ರಮಾಣ ಅನ್ನುವ ಪದದಲ್ಲೂ ಇದೇ ಇದೆ. ಆಣೆಯೂ ಪ್ರಮಾಣ, ಪುರಾವೆಯೂ ಪ್ರಮಾಣ, ಅಳತೆಯೂ ಪ್ರಮಾಣ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಗಾದೆ ಮಾಡಿದವರು ಆಣೆ ಹಾಕಿಸಿಕೋ ಅಂತ ಹೇಳಲಿಲ್ಲ. ಇನ್ನು ಭಾಷೆ. ಆಡುವ ನುಡಿಗೂ ಭಾಷೆ ಅನ್ನುತ್ತೇವೆ, ಕೊಟ್ಟ ಮಾತಿಗೂ ಭಾಷೆ ಅನ್ನುತ್ತೇವೆ. ಭಾಷೆ ಕೊಟ್ಟಿದ್ದೀನಿ ಅಂದರೆ ನಮ್ಮಪ್ಪನ ಕಾಲದಲ್ಲಿ ಮುಗಿಯಿತು, ಮೇಲೊಂದು ಬಾಲ ಬೇಕಿರಲಿಲ್ಲ. ಆ ಕಾಲದವರು ಸುಳ್ಳು ಹೇಳುತ್ತಿರಲಿಲ್ಲ ಅಂತ ನಾನು ವಾದಿಸಲಾರೆ. ಅವರು ಬರೆಸಿದ ಪತ್ರಗಳನ್ನೂ ಓದಿದ್ದೇನೆ.

ಈ ಪದಗಳು ಸಲುಗೆಯಲ್ಲಿ ಓಡಾಡುವಾಗ ಇನ್ನೊಂದು ಕೆಡುಕನ್ನೂ ಮಾಡುತ್ತವೆ. ಆಣೆಯನ್ನು ತಾನು ಹಾಕುವುದು ಒಂದು, ಎದುರಿನವರಿಂದ ಹಾಕಿಸುವುದು ಇನ್ನೊಂದು. "ನನ್ನ ತಲೆ ಮುಟ್ಟಿ ಹೇಳು", "ನನ್ನಾಣೆ, ಅವನ ಜತೆ ಮಾತಾಡಲ್ಲ ಅಂತ ಪ್ರಾಮಿಸ್ ಮಾಡು". ಪ್ರೀತಿಯ ಹೆಸರಿನಲ್ಲಿ ಇದು ಸರಾಗವಾಗಿ ನಡೆಯುತ್ತದೆ, ಹೆಚ್ಚಾಗಿ ಹೆಣ್ಣುಮಕ್ಕಳ ಮೇಲೆ. ಮಗಳು ಒತ್ತೆಯ ಬಗ್ಗೆ ಇಷ್ಟು ಚೆನ್ನಾಗಿ ಬರೆದು ಇದನ್ನು ಹೇಗೆ ಬಿಟ್ಟಳೋ. ಪತ್ರಕ್ಕಾದರೆ ಯಾರ ಒತ್ತಾಯವೂ ಇಲ್ಲದೆ ಅಂತ ಒಂದು ಸಾಲು ಸೇರಿಸಬಹುದು.

ಇಷ್ಟೆಲ್ಲ ಬರೆದವನ ಮನೆಯ ಕಥೆಯನ್ನೂ ಹೇಳಿಬಿಡುತ್ತೇನೆ. ಮೊಮ್ಮಗನಿಗೆ ಏಳು ವರ್ಷ. ಹೋದ ವಾರ ಬ್ಯಾಟು ಬೇಕು ಅಂದ. ಸಂತೆಗೆ ಹೋದಾಗ ತರ್ತೀನಿ ಅಂದೆ. "ಪ್ರಾಮಿಸ್?" ಅಂದ. "ತರ್ತೀನಿ ಅಂದ್ನಲ್ಲಪ್ಪಾ" ಅಂದೆ. "ಗಾಡ್ ಪ್ರಾಮಿಸ್ ಮಾಡು ತಾತ" ಅಂತ ಗೇಟಿನವರೆಗೂ ಅಂಗಿ ಹಿಡಿದುಕೊಂಡು ಬಂದ. ನಾನು ಮಾಡಲಿಲ್ಲ. ತತ್ವ ನೋಡಿ. ಸಂತೆಗೆ ಹೋದೆ, ತರಕಾರಿ ಕೊಂಡೆ, ಆಟದ ಸಾಮಾನಿನ ಅಂಗಡಿಗೆ ಹೋದರೆ ಬಾಗಿಲು ಹಾಕಿತ್ತು, ಅಂಗಡಿಯವರ ಮನೆಯಲ್ಲಿ ಮದುವೆಯಂತೆ. ಬರಿಗೈಯಲ್ಲಿ ಬಂದೆ. ಮೊಮ್ಮಗ ನನ್ನನ್ನು ಬಿಟ್ಟು ಅವರಮ್ಮನ ಕಡೆ ತಿರುಗಿ, "ನಾನ್ ಹೇಳ್ಲಿಲ್ವಾ, ಪ್ರಾಮಿಸ್ ಮಾಡಿಸ್ಕೋಬೇಕಿತ್ತು" ಅಂದ.

ಮಾರನೆಯ ದಿನ ಬಸ್ಸು ಹತ್ತಿ ಹೋಗಿ ಬ್ಯಾಟು ತಂದುಕೊಟ್ಟೆ. ಪ್ರಾಮಿಸ್ ಮಾತ್ರ ಇವತ್ತಿನವರೆಗೂ ಮಾಡಿಲ್ಲ. ಈಗ ಅವನು ಬಾಲು ಕೇಳುತ್ತಿದ್ದಾನೆ.